ಅರ್ಜಿ ಬರೆಯದವಳ ಹಕ್ಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಕೇರಿಗಳಲ್ಲಿ ಮಾನವ ಹಕ್ಕಿನ ಮಾತು ತೆಗೆದರೆ ನಮಗೆ ಎದುರಾಗುವ ಮೊದಲ ಪ್ರಶ್ನೆ ಇದು: "ಆಯೋಗ ಆಯೋಗ ಅಂತೀರಲ್ರಿ, ಅದು ಎಲ್ಲೈತ್ರಿ? ನಮ್ಮ ತಾಲೂಕಿನ್ಯಾಗ ಐತೇನು?" ಪ್ರಶ್ನೆ ಸಣ್ಣದು. ಆದರೆ ಉತ್ತರ ಹುಡುಕುತ್ತ ಹೋದರೆ ಅದು ಕೊನೆಗೆ ನಮ್ಮ ಕೊರಳಪಟ್ಟಿಗೇ ಕೈ ಹಾಕುತ್ತದೆ.

ಮೊದಲು ಕಾಯಿದೆಯ ಮಾತು. ಮಾನವ ಹಕ್ಕುಗಳ ರಕ್ಷಣಾ ಕಾಯಿದೆ ಬಂದದ್ದು 1993ರಲ್ಲಿ. ಅದರ ಪ್ರಕಾರ ದಿಲ್ಲಿಯಲ್ಲಿ ರಾಷ್ಟ್ರೀಯ ಆಯೋಗ, ಬೆಂಗಳೂರಿನಲ್ಲಿ ರಾಜ್ಯ ಆಯೋಗ. ನಮ್ಮ ರಾಜ್ಯದ ಆಯೋಗ ಕೆಲಸ ಶುರು ಮಾಡಿದ್ದು 2007ರಲ್ಲಿ. ತಾಲೂಕಿಗೊಂದು ಆಯೋಗ ಎಂಬುದು ಈ ಕಾಯಿದೆಯಲ್ಲಿ ಎಲ್ಲೂ ಇಲ್ಲ. ದೇಶದಲ್ಲಿ ಎಷ್ಟೋ ಖಾಸಗಿ ಸಂಘಗಳು ಆಯೋಗವನ್ನೇ ಹೋಲುವ ಹೆಸರಿಟ್ಟುಕೊಂಡು ಜನರನ್ನು ದಾರಿ ತಪ್ಪಿಸುತ್ತಿವೆ ಎಂದು ರಾಷ್ಟ್ರೀಯ ಆಯೋಗವೇ ಎಚ್ಚರಿಸಿದೆ. ಬೋರ್ಡು ಬರೆಸಿದವರಿಗೆಲ್ಲ ಅಧಿಕಾರ ಬರುವುದಿಲ್ಲ. ಬಡವರು ಆ ಬೋರ್ಡು ನೋಡಿ ಕೈಮುಗಿಯುವುದು ಮಾತ್ರ ಖರೆ.

ನಿಜವಾದ ಆಯೋಗಕ್ಕೆ ಶಕ್ತಿ ಇಲ್ಲವೆಂದು ನಾವು ಹೇಳುವುದಿಲ್ಲ. ಅರ್ಜಿಗೆ ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಸಿವಿಲ್ ಕೋರ್ಟಿನ ಹಾಗೆ ಸಾಕ್ಷಿಗಳನ್ನು ಕರೆಸುವ, ಕಾಗದಪತ್ರ ತರಿಸುವ ಅಧಿಕಾರ ಅದಕ್ಕಿದೆ. ಆದರೆ ಮೂರು ಗಂಟುಗಳಿವೆ. ಸರ್ಕಾರಿ ನೌಕರ ಹಕ್ಕು ಮುರಿದಾಗ, ಇಲ್ಲವೆ ಮುರಿಯುವುದನ್ನು ತಡೆಯದೆ ಅಲಕ್ಷ್ಯ ಮಾಡಿದಾಗ ಮಾತ್ರ ಅದು ಕೈ ಹಾಕುತ್ತದೆ. ವಿಚಾರಣೆ ಮುಗಿದ ಮೇಲೆ ಅದು ಮಾಡುವುದು ಶಿಫಾರಸು. ಮೂರನೆಯದು, ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ಅದನ್ನು ವಿಚಾರಿಸುವಂತಿಲ್ಲ.

ಒಂದು ವರ್ಷ! ತಲೆತಲಾಂತರದ ಗಾಯಕ್ಕೆ ಒಂದು ವರ್ಷದ ವಾಯಿದೆ!

ಹಕ್ಕು ಕೇಳುವುದು ಈ ಸೀಮೆಗೆ ಹೊಸದಲ್ಲ. ದತ್ತು ಒಪ್ಪದ ಕುಂಪಣಿಯ ಮೇಲೆ ಕಿತ್ತೂರು 1824ರಲ್ಲಿ ಎದ್ದಿತು. ಚೆನ್ನಮ್ಮ ಸೆರೆಯಾಳಾಗಿಯೇ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ರಾಮದುರ್ಗ ಸಂಸ್ಥಾನದ ಪ್ರಜೆಗಳು 1939ರಲ್ಲಿ ತಮ್ಮ ಮುಂದಾಳುಗಳನ್ನು ಬಿಡಿಸಲು ಸೆರೆಮನೆಗೇ ನುಗ್ಗಿದರು. ಇವರೆಲ್ಲ "ಇದು ನಮ್ಮದು, ಕಸಿದವ ಇವನು" ಎಂದು ಬೆರಳು ಮಾಡಿ ತೋರಿಸಬಲ್ಲವರಾಗಿದ್ದರು. ಬೆರಳು ಎತ್ತಲು ಬಾರದವರ ಪಾಡೇನು?

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನ್ನಿ. ಮನೆಯಲ್ಲಿ ಗಂಡು ಹುಟ್ಟಲಿಲ್ಲ, ಮುಪ್ಪಿನ ಕಾಲಕ್ಕೆ ಅನ್ನ ಹಾಕುವವರಿಲ್ಲ. ಹುಡುಗಿಗೆ ಜಡ್ಡು ಬಂತು, ಕೂದಲು ಗಂಟುಗಟ್ಟಿ ಜಡೆಯಾಯಿತು. "ಅವ್ವ ಕರೀಲಿಕತ್ತಾಳ" ಎಂದು ಮುತ್ತು ಕಟ್ಟಿಬಿಟ್ಟರು. ಕಟ್ಟಿಸಿಕೊಂಡವರು ಬಹುಪಾಲು ನಮ್ಮ ಕೇರಿಗಳ ಹುಡುಗಿಯರು. 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಲೆಕ್ಕ ಹಾಕಿದವು. ಎಂಟು ಹತ್ತು ವರ್ಷದ ಕೂಸು ತನಗೆ ಅನ್ಯಾಯವಾಯಿತೆಂದು ಒಂದು ವರ್ಷದೊಳಗೆ ಬೆಂಗಳೂರಿಗೆ ಅರ್ಜಿ ಬರೆಯಬೇಕೆ? ಅದಕ್ಕೆ ಅದು ಅನ್ಯಾಯವೆಂದೇ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಅದರ ಮಡಿಲಲ್ಲೊಂದು ಕೂಸು.

ಕಾನೂನು ಇರಲಿಲ್ಲವೆ? ಇತ್ತು. ಮುಂಬಯಿ ಸರ್ಕಾರ 1934ರಲ್ಲೇ ಮಾಡಿತ್ತು. ಸವದತ್ತಿ ಮುಂಬಯಿ ಪ್ರಾಂತದಲ್ಲಿತ್ತು, ಪಕ್ಕದ ರಾಮದುರ್ಗ ಬೇರೆ ಸಂಸ್ಥಾನ. ಗಡಿಯ ಈಚೆಗೆ ಅಪರಾಧ, ಆಚೆಗೆ ಆ ಕಾನೂನೇ ಇಲ್ಲ; ಹುಡುಗಿ ಮಾತ್ರ ಎರಡೂ ಕಡೆ ಒಬ್ಬಳೇ. ಕರ್ನಾಟಕ 1982ರಲ್ಲಿ ತನ್ನದೇ ಕಾಯಿದೆ ಮಾಡಿತು. ಆ ಕಾಯಿದೆಯಲ್ಲಿ ಮುತ್ತು ಕಟ್ಟಿದವರಿಗೆ, ಕೈಗೂಡಿಸಿದವರಿಗೆ 3 ವರ್ಷದವರೆಗೆ ಸೆರೆ. ಅವರು ತಂದೆತಾಯಿ, ಪೋಷಕರು, ಬಂಧುಗಳಾದರೆ 2 ವರ್ಷಕ್ಕೆ ಕಡಿಮೆಯಿಲ್ಲದಂತೆ 5 ವರ್ಷದವರೆಗೆ. ಅಂದರೆ ಬಾಯಿ ಬಿಟ್ಟರೆ ಮೊದಲು ಜೈಲಿಗೆ ಹೋಗುವವಳು ಹಡೆದವ್ವ. ಆಮೇಲೆ ಅವಳನ್ನು ಇಟ್ಟುಕೊಂಡ ಜಮೀನ್ದಾರ, ಮುತ್ತು ಕಟ್ಟುವ ಹೊತ್ತಿಗೆ ತನ್ನ ವಾಡೆಯಲ್ಲೇ ಕೂತಿದ್ದರೆ, ಆ ಕಲಮಿನ ಹೊರಗೆ. ಇಂಥಲ್ಲಿ ಯಾರು ಯಾರ ಮೇಲೆ ದೂರು ಕೊಡಬೇಕು? ಮಕ್ಕಳ ತಂದೆಯ ಹೆಸರಿನ ಪ್ರಶ್ನೆಯನ್ನೂ ಕೈಗೆತ್ತಿಕೊಂಡ ಹೊಸ ಮಸೂದೆಯನ್ನು ವಿಧಾನಸಭೆ ಒಪ್ಪಲು 2025 ಬರಬೇಕಾಯಿತು.

ನಮ್ಮ ಮುಂದಿರುವ ನೀತಿಯ ಪ್ರಶ್ನೆ ಇದೇ. ದೂರಿಲ್ಲದ ಕಡೆ ಹಕ್ಕು ಇದೆಯೋ ಇಲ್ಲವೋ? "ಅವರೇ ಒಪ್ಪಿಕೊಂಡಾರ, ನಿಮಗ್ಯಾಕ ಉಸಾಬರಿ?" ಎಂದು ಕೇಳುವ ಜಾಣರಿದ್ದಾರೆ. ಬೇರೆ ದಾರಿಯನ್ನೇ ಕಾಣದವಳು ಒಪ್ಪಿಕೊಂಡಳು ಎನ್ನುವುದು, ಬಾವಿಗೆ ಬಿದ್ದವನು ನೀರಿನಲ್ಲಿರಲು ಒಪ್ಪಿದ್ದಾನೆ ಎಂದಂತೆ. ದೇವರ ಹೆಸರು, ಹಸಿವಿನ ಹೆಸರು, ಹಣೆಬರಹದ ಹೆಸರು ಹೇಳಿ ನಾಲಿಗೆ ಕಟ್ಟಿದ ಮೇಲೆ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಪುರೋಹಿತಶಾಹಿಯ ಹಳೆಯ ಲೆಕ್ಕ. ಕಾಯಿದೆ ಕೂಡ ಈ ಲೆಕ್ಕವನ್ನು ಪೂರಾ ಒಪ್ಪಿಲ್ಲ. ಅರ್ಜಿಯೇ ಇಲ್ಲದೆ ತಾನಾಗಿ ವಿಚಾರಣೆ ನಡೆಸಲು ಆಯೋಗಕ್ಕೆ ಅಧಿಕಾರ ಕೊಟ್ಟಿದೆ. ನೊಂದವರ ಪರವಾಗಿ ಬೇರೆ ಯಾರಾದರೂ ಅರ್ಜಿ ಬರೆಯಬಹುದು ಎಂದಿದೆ. ಆದರೆ ಬೆಂಗಳೂರಿನಲ್ಲಿ ಕೂತ ಆಯೋಗಕ್ಕೆ ಸವದತ್ತಿ ಕಾಣಬೇಕಾದರೆ ಇಲ್ಲಿ ಅದಕ್ಕೆ ಕಣ್ಣುಗಳಿರಬೇಕು. ಆ ಕಣ್ಣು ಯಾರವು?

ಇಲ್ಲಿ ಎರಡು ಮೌನಗಳನ್ನು ಬೇರೆಬೇರೆ ಮಾಡಬೇಕು. ನೋವುಂಡವಳ ಮೌನ ಒಂದು, ಕಂಡವರ ಮೌನ ಇನ್ನೊಂದು. ಮೊದಲನೆಯದು ಅಪರಾಧವಲ್ಲ. ಎರಡನೆಯದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. 2023ರ ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ಅದೇ ರಾತ್ರಿ ಸರಿದು 11ರ ಬೆಳಕು ಹರಿಯುವ ಮುನ್ನ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟನೆಂದು ಅವನ ತಾಯಿಯನ್ನು ಬೆತ್ತಲೆ ಮಾಡಿ, ಮೆರವಣಿಗೆ ಮಾಡಿ, ಕಂಬಕ್ಕೆ ಕಟ್ಟಿ ಹೊಡೆದರು. ಆ ದಿನಗಳಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿತ್ತು. ಹೈಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು, ರಾಷ್ಟ್ರೀಯ ಆಯೋಗವೂ ತಾನಾಗಿ ವರದಿ ಕೇಳಿತು. ಸುಮ್ಮನೆ ನಿಂತು ನೋಡಿದ ಜನರ ಬಗ್ಗೆ ಕೋರ್ಟು ನಿಷ್ಠುರವಾಗಿ ಮಾತಾಡಿತು. ಬಿಡಿಸಲು ಹೋದ ಒಬ್ಬ ಏಟು ತಿಂದ. ಆ ರಾತ್ರಿ ಆ ಊರಿನಲ್ಲಿ ಮಾನವ ಹಕ್ಕುಗಳ ಆಯೋಗವೆಂದು ಯಾವುದಾದರೂ ಇದ್ದಿದ್ದರೆ, ಅದು ಅವನೊಬ್ಬನೇ.

ಹಾಗಾದರೆ ಅವಳ ಪರವಾಗಿ ನಾವೇ ಎಲ್ಲ ಮಾತಾಡಿಬಿಡೋಣವೆ? ಅದೂ ತಪ್ಪು. ಉದ್ಧಾರಕರ ಕಾಟ ನಮ್ಮ ಜನಕ್ಕೆ ಹೊಸದಲ್ಲ. 1936ರ ಜೂನ್‌ನಲ್ಲಿ ಬಾಬಾಸಾಹೇಬರು ಮುಂಬಯಿಯ ದಾಮೋದರ ಹಾಲಿನಲ್ಲಿ ದೇವದಾಸಿಯರಿಗೆ, ಜೋಗತಿಯರಿಗೆ ಈ ಬದುಕು ಬಿಡಿ ಎಂದು ಮುಖಕ್ಕೆ ಹೇಳಿದರು. ಅಯ್ಯೋ ಪಾಪ ಎನ್ನಲಿಲ್ಲ. ಸ್ವತಃ ತೀರ್ಮಾನ ಮಾಡಬಲ್ಲ ಮನುಷ್ಯರೆಂದು ಮಾತಾಡಿಸಿದರು. ಅದರ ಫಲವನ್ನು ನಾವು ನಮ್ಮ ಜಿಲ್ಲೆಯಲ್ಲೇ ಕಂಡಿದ್ದೇವೆ. ಮುತ್ತು ಕಿತ್ತೆಸೆದ ಹೆಣ್ಣುಮಕ್ಕಳೇ ಸೇರಿ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪದ್ಮಶ್ರೀಗಿಂತ ನಮಗೆ ದೊಡ್ಡದು ಅವರ ಕೆಲಸದ ರೀತಿ. ಅವರು ಅರ್ಜಿ ಬರಲೆಂದು ಕಾಯಲಿಲ್ಲ, ಮನೆಗಳಿಗೆ ಹೋದರು. "ನನಗೂ ಕಟ್ಟಿದ್ರವ್ವಾ" ಎಂದು ಹೇಳಬಲ್ಲವಳ ಎದುರಿಗೆ ಮಾತ್ರ ಹಡೆದವ್ವ ಬಾಯಿ ಬಿಡುತ್ತಾಳೆ. ನೋವುಂಡವಳ ಮೌನ ಮುರಿಯುವುದು ಹೀಗೆ.

"ನಾವೇ ಎಲ್ಲಾ ಮಾಡಿದ್ರ ಸರ್ಕಾರ ಯಾಕ ಬೇಕು?" ಎಂದು ಗೆಳೆಯರು ಕೇಳುತ್ತಾರೆ. ಸರ್ಕಾರವನ್ನು ಬಿಟ್ಟುಕೊಡಬೇಕೆಂದು ನಾವು ಹೇಳುತ್ತಿಲ್ಲ. ಮುತ್ತು ಕಟ್ಟುವುದು ಗೊತ್ತಿದ್ದೂ ಸುಮ್ಮನಿದ್ದ ಅಧಿಕಾರಿಯ ಅಲಕ್ಷ್ಯವೇ ಆಯೋಗದ ಮುಂದೆ ಹೋಗಬೇಕಾದ ದೂರು. ಅದನ್ನು ಬರೆಯಬಲ್ಲವರು ಅಕ್ಷರ ಕಲಿತ ನಾವು.

ಹಳ್ಳಿಯ ಮಾಸ್ತರರೇ, ಅಕ್ಕೋರೇ, ನಿಮ್ಮ ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿ ನೋಡಿರಿ. ಭಾರತ ಹುಣ್ಣಿಮೆ ಕಳೆದ ಮೇಲೆ ಕೇರಿಯ ಯಾವುದಾದರೂ ಹುಡುಗಿ ಶಾಲೆಗೆ ಬರುವುದನ್ನು ಬಿಟ್ಟಿದ್ದರೆ, ಅವತ್ತೇ ಸಂಜೆ ಅವಳ ಮನೆಗೆ ಹೋಗಿರಿ. ಆ ಒಂದು ವರ್ಷದ ವಾಯಿದೆ ಆಗಲೇ ಓಡಲು ಶುರುವಾಗಿರಬಹುದು.