ಆಸ್ಟ್ರೇಲಿಯದ ಜನರ ನಡೆನುಡಿಯೂ ನಮ್ಮ ‘ರೀ’ಕಾರವೂ

ಒಬ್ಬ ಮನುಷ್ಯನು ಇನ್ನೊಬ್ಬನನ್ನು ಹೇಗೆ ಕರೆಯಬೇಕೆಂಬುದು ವ್ಯಾಕರಣದ ಪ್ರಶ್ನೆಯೋ ನೀತಿಯ ಪ್ರಶ್ನೆಯೋ ಎಂಬ ಸಂಶಯವು ನನಗೆ ಮೊದಲು ಹುಟ್ಟಿದ್ದು ನಮ್ಮ ಲಕಮನಹಳ್ಳಿಯಲ್ಲಲ್ಲ, ಸಾವಿರಾರು ಮೈಲುಗಳಾಚೆಯ ಮೆಲ್ಬರ್ನ್ ಪಟ್ಟಣದಲ್ಲಿ. ಮಗನು ಅಲ್ಲಿ ಉದ್ಯೋಗದಲ್ಲಿರುವದರಿಂದ ನಾನೂ ನಮ್ಮ ಮನೆಯವರೂ ಮೂರು ತಿಂಗಳು ಅಲ್ಲಿದ್ದು ಬಂದೆವು. ಪ್ರವಾಸವರ್ಣನೆಯನ್ನು ಬರೆದು ವಾಚಕರನ್ನು ದಣಿಸುವ ಇಚ್ಛೆ ನನಗಿಲ್ಲ. ಕಡಲತೀರವನ್ನೂ ಕಾಂಗರೂಗಳನ್ನೂ ಎಲ್ಲರೂ ಚಿತ್ರಗಳಲ್ಲಿ ನೋಡಿಯೇ ಇರುವರು. ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ.

ಒಂದು ದಿನ ಬಾಡಿಗೆಯ ಮೋಟಾರಿನಲ್ಲಿ ಹೋಗುವ ಪ್ರಸಂಗ ಬಂದಿತು. ನಾನು ರೂಢಿಯಂತೆ ಹಿಂದಿನ ಬಾಗಿಲಿಗೆ ಕೈಯಿಟ್ಟೆನು. ಮಗನು, “ಅಪ್ಪಾ, ನೀವು ಮುಂದೆ ಅವನ ಮಗ್ಗುಲಲ್ಲಿ ಕೂಡ್ರಿ” ಎಂದನು. ಒಬ್ಬನೇ ಪ್ರಯಾಣಿಕನಿದ್ದರೆ, ಅದರಲ್ಲಿಯೂ ಗಂಡಸಾದರೆ, ಚಾಲಕನ ಪಕ್ಕದಲ್ಲಿ ಕೂಡುವದು ಆ ದೇಶದ ಹಳೆಯ ವಾಡಿಕೆಯಂತೆ. ಇತ್ತೀಚೆಗೆ ಅದು ಸಡಿಲವಾಗುತ್ತಲಿದೆ. ಹಿಂದೆ ಕುಳಿತರೆ ಆಗುವದೇನೆಂದು ಕೇಳಿದೆನು. “ಅವನೇನೂ ಅನ್ನುವದಿಲ್ಲ. ಆದರೆ ನೀವು ಅವನನ್ನು ಚಾಕರನೆಂದು ಎಣಿಸಿದಂತಾಗುವದು” ಎಂದನು. ಚಾಲಕನು ಪಂಜಾಬದ ಹುಡುಗ, ಅಲ್ಲಿ ಓದಲು ಬಂದವನು. ದಾರಿಯುದ್ದಕ್ಕೂ ತನ್ನ ತಂದೆಯ ಗೋದಿಯ ಹೊಲದ ಮಾತನ್ನಾಡಿದನು. ಐವತ್ತು ವರ್ಷ ಟಾಂಗಾ, ರಿಕ್ಷಾ, ಮೋಟಾರುಗಳಲ್ಲಿ ತಿರುಗಾಡಿದ ನಾನು ಯಾವ ಚಾಲಕನ ತಂದೆಯ ವಿಚಾರವನ್ನೂ ಕೇಳಿದವನಲ್ಲ.

ಆ ನಾಡಿನ ದಿನಚರಿಯೆಲ್ಲ ಇದೇ ಜಾಡಿನದು. ಮಗನು ತನ್ನ ಕಚೇರಿಯ ಮುಖ್ಯಸ್ಥನನ್ನು ಬರಿಯ ಹೆಸರಿನಿಂದ ಕರೆಯುವನು. ನೆರೆಮನೆಯ ಎಳೆಯನು ಮೊದಲನೆಯ ದಿನವೇ ಬೇಲಿಯಾಚೆಯಿಂದ ನನ್ನ ಹೆಸರನ್ನು ಬಿಡಿಯಾಗಿ ಕೂಗಿದನು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ರಾತ್ರಿ ಯೋಚಿಸುತ್ತಿರಲು ನೆನಪಾಯಿತು, ನನ್ನ ತಾಯಿ ತೀರಿದ ಬಳಿಕ ಹಾಗೆ ಕರೆದವರೇ ಇರಲಿಲ್ಲವೆಂದು. ಬರಬರುತ್ತ ಆ ಕರೆಯು ನನಗೆ ಹಿತವಾಗತೊಡಗಿತೆಂದರೆ ಮನೆಯವರು ನಗುತ್ತಾರೆ.

ಊಟಕ್ಕೆ ಕರೆಯುವಾಗ ಅವರು “ಒಂದು ತಟ್ಟೆ ತನ್ನಿರಿ” ಎನ್ನುವರು. ತಿನಿಸು ತುಂಬಿದ ತಟ್ಟೆಯೆಂದು ಅದರ ಅರ್ಥ. ಹೊಸದಾಗಿ ಬಂದವರು ಬರಿದಾದ ತಟ್ಟೆಯನ್ನೊಯ್ದು ಪೇಚಿಗೆ ಬಿದ್ದ ವಿನೋದವು ಅಲ್ಲಿ ಪ್ರಸಿದ್ಧ. ಪಾನಗೃಹದಲ್ಲಿ ಗೆಳೆಯರು ಸರತಿಯಂತೆ ಎಲ್ಲರ ಹಣವನ್ನೂ ಕೊಡುವರು. ಸರತಿ ತಪ್ಪಿಸಿದವನಿಗೆ ಮರ್ಯಾದೆಯಿಲ್ಲ. ಯಾರೂ ಯಾರ ಹಂಗಿನಲ್ಲಿಯೂ ಇರಬಾರದೆಂಬುದು ಇದರೊಳಗಿನ ತತ್ವ. ಅತಿಥಿಯ ಕೈಯಲ್ಲಿ ಪಾತ್ರೆ ಹೊರಿಸುವದು ಮನೆತನಕ್ಕೆ ಕುಂದೆಂದು ತಿಳಿಯುವ ನಮಗೆ ಇದು ಒಗ್ಗದು. ಇಲ್ಲಿ ನಾನು ನಮ್ಮ ಪಕ್ಷವೇ, ಉಣಿಸುವದರಲ್ಲಿ ಲೆಕ್ಕವಿಡಬಾರದು.

ಈ ಸಮತೆಯ ಬೇರು ಎಲ್ಲಿದೆ? 1788ರಿಂದ 1868ರ ವರೆಗೆ ಸುಮಾರು 1,60,000 ಕೈದಿಗಳನ್ನು ಇಂಗ್ಲೆಂಡ್ ಮೊದಲಾದ ಕಡೆಯಿಂದ ಆ ಖಂಡಕ್ಕೆ ಸಾಗಿಸಿದರು. 1851ರಲ್ಲಿ ಬಂಗಾರವು ಸಿಕ್ಕಿದ ಮೇಲೆ ಕೂಲಿಯವನೂ ಕುಲೀನನೂ ಒಂದೇ ಕೆಸರಿನಲ್ಲಿ ಅಗೆದರು. ದುಡಿಯುವ ಕೈಗಳು ಕಡಿಮೆ, ಕೆಲಸ ಬಹಳ; ಕೆಲಸಗಾರನ ಮಾತಿಗೆ ತೂಕ ಬಂದಿತು. 1856ನೆಯ ಏಪ್ರಿಲ್ 21ರಂದು ಮೆಲ್ಬರ್ನಿನ ವಿಶ್ವವಿದ್ಯಾಲಯವನ್ನು ಕಟ್ಟುತ್ತಿದ್ದ ಕಲ್ಲುಕುಟಿಗರು ಉಳಿಗಳನ್ನು ಕೆಳಗಿಟ್ಟು ಶಾಸನಸಭೆಯ ಕಡೆಗೆ ನಡೆದು, ಕೂಲಿ ಕಡಿತವಿಲ್ಲದೆ ದಿನಕ್ಕೆ ಎಂಟೇ ತಾಸಿನ ಕೆಲಸವನ್ನು ಪಡೆದರು. ಅದರ ಸ್ಮಾರಕದ ತುದಿಯಲ್ಲಿ ಮೂರು ಎಂಟುಗಳಿವೆ: ದುಡಿಮೆಗೆ ಎಂಟು ತಾಸು, ವಿನೋದಕ್ಕೆ ಎಂಟು, ವಿಶ್ರಾಂತಿಗೆ ಎಂಟು. 1907ರಲ್ಲಿ ನ್ಯಾಯಾಧೀಶ ಹಿಗಿನ್ಸ್ ಎಂಬವರು, ಕುಶಲನಲ್ಲದ ಕೂಲಿಕಾರನಿಗೂ ಸಂಸಾರ ಸಾಗಿಸುವಷ್ಟು, ಅಂದರೆ ದಿನಕ್ಕೆ 7 ಶಿಲಿಂಗು, ಸಂಬಳವಿರಬೇಕೆಂದು ತೀರ್ಪಿತ್ತರು. ಮತ ಕೊಡುವದು 1924ರಿಂದ ಕಡ್ಡಾಯ. ಶನಿವಾರ ಶಾಲೆಯ ಅಂಗಳದಲ್ಲಿ ಬಡಗಿಯೂ ಮಂತ್ರಿಯೂ ಒಂದೇ ಸಾಲಿನಲ್ಲಿ ನಿಂತು ಮತವಿತ್ತು, ರೊಟ್ಟಿಯ ಮೇಲೆ ಸುಟ್ಟ ಮಾಂಸವನ್ನಿಟ್ಟುಕೊಂಡು ತಿನ್ನುತ್ತ ಮನೆಗೆ ಹೋಗುವರು.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಪರನಾಡಿನ ಭಟ್ಟಂಗಿಯಾದೇನು. ಅದೇ ಜನರು, ಅದೇ ಕಾರ್ಮಿಕಸಂಘಗಳ ಒತ್ತಾಸೆಯಿಂದ, 1901ರಲ್ಲಿ ಬಿಳಿಯರಲ್ಲದವರನ್ನು ಹೊರಗಿಡುವ ಕಾಯದೆಯನ್ನು ಮಾಡಿದರು. ಬಂದವನಿಗೆ ಅಧಿಕಾರಿಯು ತನಗೆ ಬೇಕಾದ ಯುರೋಪಿನ ಭಾಷೆಯಲ್ಲಿ ಐವತ್ತು ಶಬ್ದಗಳನ್ನು ಹೇಳಿ ಬರೆಯಿಸುವನು. ಇಂಗ್ಲಿಷು ಬಲ್ಲವನೇ ಆಗಿದ್ದರೆ ಬೇರೊಂದು ಭಾಷೆಯನ್ನಾರಿಸುವನು. ಧಾರವಾಡದ ಎಷ್ಟು ದೊಡ್ಡ ಪಂಡಿತನೂ ಅದರಲ್ಲಿ ನಪಾಸನೇ. ಈ ಪರೀಕ್ಷೆ 1958ರ ವರೆಗೆ ನಡೆಯಿತು. ಆ ನೀತಿಯ ಕೊನೆಯ ಅವಶೇಷಗಳು ಅಳಿದದ್ದು 1973ರಲ್ಲಿ. ಇಂದು ಮೆಲ್ಬರ್ನಿನಲ್ಲಿ ಕನ್ನಡ ಸಂಘವಿದ್ದು ನಮ್ಮ ಮಕ್ಕಳು ರಾಜ್ಯೋತ್ಸವ ಮಾಡುವದು ಆ ಬಾಗಿಲು ತೆರೆದ ಮೇಲಿನ ಮಾತು.

ಮೂಲನಿವಾಸಿಗಳ ಕತೆ ಇನ್ನೂ ಕಹಿ. ಎಲ್ಲ ಮೂಲನಿವಾಸಿಗಳಿಗೂ ದೇಶದ ಚುನಾವಣೆಯಲ್ಲಿ ಮತಾಧಿಕಾರ ಬಂದದ್ದು 1962ರಲ್ಲಿ. 1966ರಲ್ಲಿ ವೇವ್ ಹಿಲ್ ಎಂಬ ದನಗಾವಲಿನಲ್ಲಿ ದುಡಿಯುತ್ತಿದ್ದ ಗುರಿಂಜಿ ಜನರು ವಿನ್ಸೆಂಟ್ ಲಿಂಗಿಯಾರಿ ಎಂಬವರ ಮುಂದಾಳುತನದಲ್ಲಿ ಕೆಲಸ ಬಿಟ್ಟು ಹೊರಟರು. ಬಿಳಿಯರಿಗೆ ಕೊಡುವಷ್ಟು ಕೂಲಿಯನ್ನು ಅವರಿಗೆ ಕೊಡುತ್ತಿರಲಿಲ್ಲ. ಕೂಲಿಯ ಮಾತು ಬೇಗನೆ ನೆಲದ ಮಾತಾಯಿತು. 1975ರಲ್ಲಿ ಪ್ರಧಾನಮಂತ್ರಿ ವಿಟ್ಲಮ್ ತಾವೇ ಹೋಗಿ ಲಿಂಗಿಯಾರಿಯ ಅಂಗೈಯಲ್ಲಿ ಒಂದು ಹಿಡಿ ಮಣ್ಣನ್ನು ಸುರಿದರು. 2023ರಲ್ಲಿ ಸಂವಿಧಾನದೊಳಗೆ ಮೂಲನಿವಾಸಿಗಳ ದನಿಗೊಂದು ಸ್ಥಾನ ಕೊಡಬೇಕೆಂಬ ಪ್ರಸ್ತಾಪ ಬಂದಾಗ ಜನರು ಅದನ್ನು ಮತದಿಂದ ನಿರಾಕರಿಸಿದರು.

ಆದ್ದರಿಂದ ಎಲ್ಲರನ್ನೂ ಗೆಳೆಯನೆಂದು ಕರೆಯುವ ಜನರೂ ‘ಎಲ್ಲರೂ’ ಯಾರೆಂಬುದನ್ನು ಮೊದಲೇ ಗೆರೆ ಕೊಯ್ದು ಇಟ್ಟಿರಬಹುದು. ಗೆರೆಯೊಳಗಿನ ಸೌಜನ್ಯವನ್ನು ಮಾತ್ರ ನೋಡಿದವನಿಗೆ ಗೆರೆಯು ಕಾಣುವದಿಲ್ಲ.

ಇನ್ನು ನಮ್ಮದು. ಧಾರವಾಡದ ‘ರೀ’ ಎಂಬ ಒಂದಕ್ಷರಕ್ಕೆ ಹೊರಗಿನವರು ಮಾರುಹೋಗುವರು. ಹೌದ್ರಿ, ಇಲ್ರಿ, ಬರ್ರಿ ಎಂದು ಜಗಳದಲ್ಲಿಯೂ ನಾವು ಮರ್ಯಾದೆ ಬಿಡುವವರಲ್ಲ. ಏಕವಚನವಾದರೂ ನಮ್ಮಲ್ಲಿ ಕೀಳಲ್ಲ; ತಾಯಿಗೆ ನೀನೆನ್ನುತ್ತೇವೆ, ದೇವರಿಗೂ ನೀನೆನ್ನುತ್ತೇವೆ. ಮೆಲ್ಬರ್ನಿನ ನನ್ನ ಮೊಮ್ಮಗಳು, ಇಂಗ್ಲಿಷಿನಲ್ಲಿ ಇರುವದೊಂದೇ ಸರ್ವನಾಮವಾದ್ದರಿಂದ, ಕಂಡವರಿಗೆಲ್ಲ ನೀನೇ. ಅದಕ್ಕೆ ನಾನು ಸಿಟ್ಟಾಗಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಬೇರೊಂದು ದಾರಿ ಹಿಡಿದಿದ್ದರು. ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ: ಕಸಬು ಹೆಸರಿನ ಮುಂದಿದೆ, ಅಯ್ಯನೋ ಅಣ್ಣನೋ ಅಮ್ಮನೋ ಹಿಂದಿದೆ. ಆಸ್ಟ್ರೇಲಿಯದವರು ಎಲ್ಲರ ಬಿರುದನ್ನೂ ಕಿತ್ತು ಸಮ ಮಾಡಿದರೆ ಇವರು ಎಲ್ಲರಿಗೂ ಬಿರುದು ಕೊಟ್ಟು ಸಮ ಮಾಡಿದರು. ನನಗೆ ಎರಡನೆಯದೇ ಹೆಚ್ಚು ಕಠಿಣವಾದದ್ದೆಂದು ತೋರುತ್ತದೆ. ಬಿಟ್ಟುಬಿಡುವದಕ್ಕೆ ಖರ್ಚಿಲ್ಲ, ಕೊಡುವದಕ್ಕೆ ಮನಸ್ಸು ಬೇಕು.

ಆ ಮನಸ್ಸು ನನ್ನಲ್ಲಿ ಎಷ್ಟಿದೆಯೆಂಬುದು ಊರಿಗೆ ಮರಳಿದ ಮರುದಿನವೇ ತಿಳಿಯಿತು. ನಮ್ಮಲ್ಲಿ ಭಾಂಡೆ ತಿಕ್ಕಲು ಇಪ್ಪತ್ತು ವರ್ಷಗಳಿಂದ ಬರುವಾಕೆ ನಮ್ಮ ಮನೆಯವರಿಗಿಂತ ಹಿರಿಯಳು. ಆಕೆಯನ್ನು ನಾವೆಲ್ಲರೂ, ಮಕ್ಕಳು ಸಹ, ‘ಬಾ, ಹೋಗು’ ಎಂದೇ ಕರೆದವರು. ಆ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು “ಬರ್ರಿ” ಎಂದೆನು. ಆಕೆ ಹೊಸ್ತಿಲಾಚೆಯೇ ನಿಂತುಬಿಟ್ಟಳು. “ಯಾಕ್ರೀ ಸಾಹೇಬ್ರ, ನನ್ನಿಂದ ಏನರ ತಪ್ಪಾತೇನ್ರಿ? ನಾಳಿಯಿಂದ ಬರಬ್ಯಾಡೇನ್ರಿ?” ಎಂದು ಕೇಳಿದಳು. ನನ್ನ ಬಹುವಚನವು ಆಕೆಗೆ ಕೆಲಸದಿಂದ ತೆಗೆಯುವ ಮುನ್ಸೂಚನೆಯಾಗಿ ಕೇಳಿಸಿತು. ಅಲ್ಲವೆಂದು ಒಡಂಬಡಿಸುವಷ್ಟರಲ್ಲಿ ನನಗೆ ಬೆವರಿಳಿಯಿತು.

ಕೆಲಸ ಮುಗಿಸಿ ಆಕೆ ಹಿತ್ತಲ ಕಟ್ಟೆಯ ಮೇಲೆ ಚಹಕ್ಕೆ ಕುಳಿತಳು. ಗೋಡೆಯ ಗೂಡಿನಿಂದ ತನ್ನ ಕಪ್ಪು-ಬಸಿಯನ್ನು ತಾನೇ ತೆಗೆದುಕೊಂಡಳು. ಆ ಗೂಡು ಅಲ್ಲಿ ಇಪ್ಪತ್ತು ವರ್ಷಗಳಿಂದ ಇದೆ. ಆ ಬಸಿಯ ಅಂಚು ಒಡೆದು ಎಷ್ಟು ದಿನವಾಯಿತೆಂದು ನಮಗಾರಿಗೂ ಗೊತ್ತಿಲ್ಲ. ನಾನು ಈ ವಿಷಯದ ಮೇಲೆ ಸಭೆಗಳಲ್ಲಿ ಮಾತಾಡಿದವನು. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ರದ್ದುಮಾಡಿತೆಂದು ಹುಡುಗರಿಗೆ ಕಲಿಸಿದವನು.

ನಮ್ಮ ಮನೆಯವರೊಡನೆ ಅಂದು ಸಂಜೆ ಮಾತಾಯಿತು. ಅವರು ಬಹಳ ಹೊತ್ತು ಸುಮ್ಮನಿದ್ದು, “ನೀವು ಬರೀ ಮಾತು ಬದಲ ಮಾಡ್ತೀರಿ. ಕಪ್ಪು ತೊಳಿಯಾಕಿ ನಾನು” ಎಂದರು. ಆದರೂ ಮರುದಿನ ಗೂಡು ಬರಿದಾಗಿತ್ತು. ಈಗ ಆಕೆಯ ಚಹವು ನಮ್ಮೆಲ್ಲರ ಕಪ್ಪುಗಳಲ್ಲೊಂದರಲ್ಲಿ ಬರುತ್ತದೆ. ಆಕೆ ಅದನ್ನು ಕುಡಿದು, ಎರಡು ಸಲ ತೊಳೆದು, ಉಳಿದವುಗಳಿಂದ ತುಸು ದೂರದಲ್ಲಿ ಬೋರಲು ಹಾಕಿ ಹೋಗುತ್ತಾಳೆ. ಒಳಗೆ ಪಡಸಾಲೆಯಲ್ಲಿ ಕುಳ್ಳಿರಲು ಇನ್ನೂ ಒಪ್ಪಿಲ್ಲ.