ಮುದ್ರೆ ಓದುವ ಕಣ್ಣು

ಎರಡು-ಮೂರು ಸೆಂಟಿಮೀಟರ್ ಉದ್ದದ ಕಲ್ಲಿನ ಉರುಳೆ. ಹಸಿ ಜೇಡಿಮಣ್ಣಿನ ಮೇಲೆ ಲಟ್ಟಣಿಗೆಯಂತೆ ಹೊರಳಿಸಿದರೆ ದೇವರು, ಸಿಂಹ, ವೀರ, ಕೆಲವೊಮ್ಮೆ ಒಡೆಯನ ಹೆಸರೂ ಮೂಡುತ್ತವೆ. ಕ್ರಿ.ಪೂ. 3500ರ ಸುಮಾರಿಗೆ ಮೆಸೊಪೊಟೇಮಿಯಾದಲ್ಲಿ ಬಳಕೆಗೆ ಬಂದ ಈ ಮುದ್ರೆಗಳು ಮೂರು ಸಾವಿರ ವರ್ಷಗಳ ಕಾಲ ಉಗ್ರಾಣದ ಬಾಗಿಲನ್ನೂ ಗಡಿಗೆಯ ಬಾಯನ್ನೂ ಸಾಲದ ಕರಾರನ್ನೂ ಕಾದವು.

ಎಡಿತ್ ಪೊರಾಡ ಇವುಗಳಿಗೇ ಆಯುಷ್ಯ ಮುಡಿಪಿಟ್ಟವರು. 1912ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಅಕ್ಕಾಡ್ ಕಾಲದ ಮುದ್ರೆಗಳ ಮೇಲೆ 1935ರಲ್ಲಿ ಡಾಕ್ಟರೇಟ್ ಪಡೆದು, 1938ರಲ್ಲಿ ಅಮೆರಿಕ ಸೇರಿದರು. ನ್ಯೂಯಾರ್ಕಿನ ಮೋರ್ಗನ್ ಗ್ರಂಥಾಲಯದ ಮುದ್ರೆಗಳನ್ನು ಒಂದೊಂದಾಗಿ ಹೊರಳಿಸಿ, ಕಾಲ ಮತ್ತು ಶೈಲಿಗೆ ತಕ್ಕಂತೆ ವಿಂಗಡಿಸಿ 1948ರಲ್ಲಿ ಸೂಚಿ ಪ್ರಕಟಿಸಿದರು. ಮುಂದೆ ಅಲ್ಲಿಯೇ ಮುದ್ರೆಗಳ ಗೌರವ ಕ್ಯೂರೇಟರ್ ಆದರು.

ಅಂಥ ಸಂಗ್ರಹದ ಮುಖ್ಯ ತೊಡಕೆಂದರೆ, ಬಹುತೇಕ ಮುದ್ರೆಗಳು ವ್ಯಾಪಾರಿಗಳ ಕೈಯಿಂದ ಬಂದವು. ಯಾವ ಮಣ್ಣಿನಲ್ಲಿ ಸಿಕ್ಕವೆಂಬ ದಾಖಲೆ ಇಲ್ಲ. ಆಗ ಉಳಿಯುವ ಸಾಕ್ಷಿ ಕೆತ್ತನೆಯೊಂದೇ. ಉಡುಪಿನ ಅಂಚು, ಕೊಂಬಿನ ಬಾಗು, ಕೊರೆಯುಳಿ ಬಿಟ್ಟ ಗುಳಿ, ಇವೇ ಊರನ್ನೂ ಕಾಲವನ್ನೂ ಹೇಳಬೇಕು. ಈ ಓದು ಕೈಗೂಡುವುದು ಸಾವಿರಾರು ಮುದ್ರೆ ನೋಡಿದ ಮೇಲೆಯೇ.

1963ರಲ್ಲಿ ಗ್ರೀಸಿನ ಥೀಬ್ಸ್ ನಗರದ ಪುರಾತನ ಅರಮನೆಯ ಅಗೆತದಲ್ಲಿ ನೀಲಿ ಲಾಜವರ್ದ ಕಲ್ಲಿನ ಮುದ್ರೆಗಳ ರಾಶಿ ಸಿಕ್ಕಿತು. ಬ್ಯಾಬಿಲೋನಿಯದ ಮುದ್ರೆಗಳು ಅಷ್ಟು ದೂರ ಬಂದದ್ದು ಹೇಗೆ? ಪೊರಾಡ ಅವರ ವಿವರವಾದ ಅಧ್ಯಯನ ಹೊರಬಂದದ್ದು ವಿದ್ವತ್ ಪತ್ರಿಕೆಯೊಂದರ 1981ರ ಸಂಚಿಕೆಯಲ್ಲಿ. ಕೆಲವು ಬ್ಯಾಬಿಲೋನನ್ನು ಆಳಿದ ಕ್ಯಾಸೈಟರ ಕಾಲದ್ದು, ಕೆಲವು ಸೈಪ್ರಸ್‌ನಲ್ಲಿ ಕೆತ್ತಿದ್ದು ಎಂದು ಅವರು ಬಿಡಿಸಿದರು. ಕ್ಯಾಸೈಟ್ ಮುದ್ರೆಗಳ ಒಟ್ಟು ತೂಕ ಸುಮಾರು ಒಂದು ಮಿನಾ, ಅಂದರೆ ಅರ್ಧ ಕಿಲೋದಷ್ಟು, ಎಂಬುದನ್ನು ಗಮನಿಸಿ, ಬ್ಯಾಬಿಲೋನನ್ನು ಗೆದ್ದ ಅಸ್ಸೀರಿಯದ ಅರಸ ಕಳಿಸಿದ ಕಾಣಿಕೆ ಇದಾಗಿರಬಹುದೆಂದು ಊಹಿಸಿದರು. ಊಹೆಯನ್ನು ಒಪ್ಪದವರೂ ಇದ್ದಾರೆ; ಆದರೆ ವಾದಕ್ಕೆ ನೆಲೆ ಒದಗಿಸಿದ್ದು ಆ ವಿಂಗಡಣೆಯೇ.

ವಸ್ತುಸಂಗ್ರಹಾಲಯದ ಸಂಪತ್ತನ್ನು ಗಾಜಿನ ಪೆಟ್ಟಿಗೆಗಳಲ್ಲಿ ಎಣಿಸುತ್ತೇವೆ. ಕಲ್ಲಿಗೆ ವಿಮೆ ಮಾಡಿಸಬಹುದು. ಐವತ್ತು ವರ್ಷ ನೋಡಿ ಪಳಗಿದ ಕಣ್ಣಿಗೆ ವಿಮೆಯಿಲ್ಲ. ಅದನ್ನು ಉಳಿಸುವ ದಾರಿ ಇನ್ನೊಬ್ಬರಿಗೆ ಕಲಿಸುವುದೊಂದೇ. ಪೊರಾಡ 1994ರಲ್ಲಿ ತೀರಿಕೊಳ್ಳುವ ಹೊತ್ತಿಗೆ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ತಯಾರು ಮಾಡಿದ ಶಿಷ್ಯರು ಈ ಓದನ್ನು ಮುಂದುವರಿಸುತ್ತಿದ್ದರು. ಪರಿಣತರೊಬ್ಬರು ನಿವೃತ್ತರಾಗುವ ದಿನ ಸಂಸ್ಥೆಯೊಂದು ಹಾರ ಹಾಕಿ ಕಳಿಸುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಇವರ ಪಕ್ಕದಲ್ಲಿ ಕುಳಿತು ಕಲಿತವರು ಯಾರಿದ್ದಾರೆ?