ಭೂಮಿಯ ಕ್ರಯ ಮತ್ತು ಶ್ರಾವಕನ ವ್ರತ

ಗೃಹಸ್ಥನು ಭೂಮಿಯನ್ನು ಕೊಳ್ಳುವುದು ದೋಷವೇ? ನಮ್ಮ ಧರ್ಮವು ಈ ಪ್ರಶ್ನೆಗೆ ಅಹುದೆಂದು ಉತ್ತರಿಸಿಲ್ಲ. ಕರ್ಮಭೂಮಿಯ ಆದಿಯಲ್ಲಿ ಭಗವಾನ್ ವೃಷಭನಾಥರು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳ ಜೊತೆಗೆ ಕೃಷಿಯೂ ಸೇರಿದೆ. ನೇಗಿಲ ಮೊನೆಗೆ ಸಿಕ್ಕುವ ಜೀವಿಗಳ ಹಿಂಸೆಯನ್ನು ಉದ್ಯೋಗೀ ಹಿಂಸೆಯೆಂದು ಕರೆದು, ಸಂಕಲ್ಪೀ ಹಿಂಸೆಯಿಂದ ಅದನ್ನು ಬೇರ್ಪಡಿಸಲಾಗಿದೆ. ಆದರೆ ಭೂಮಿಯನ್ನು ಯಾರಿಂದ, ಯಾವ ಬಗೆಯಲ್ಲಿ, ಎಷ್ಟು ಪಡೆದೆವೆಂಬಲ್ಲಿ ಅಣುವ್ರತಗಳ ಪರೀಕ್ಷೆ ಆರಂಭವಾಗುತ್ತದೆ.

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಈಗ ಕೇವಲ ಶಾಸ್ತ್ರಚರ್ಚೆಯಾಗಿ ಉಳಿದಿಲ್ಲ. ಬೇಸಾಯಗಾರರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಿಂದ ರದ್ದಾದವು. ಅಂದಿನಿಂದ ಮೈಸೂರು, ಬೆಂಗಳೂರುಗಳ ವರ್ತಕರಿಗೂ ನೌಕರರಿಗೂ ಹಳ್ಳಿಯ ಜಮೀನಿನ ಬಾಗಿಲು ತೆರೆದಿದೆ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ಕಡೆಗೆ ಹೋದವರು ರಸ್ತೆಯ ಇಕ್ಕೆಲಗಳಲ್ಲಿ ಅರಳಿದ ಸೂರ್ಯಕಾಂತಿಯನ್ನೂ ಚೆಂಡುಹೂವನ್ನೂ, ದೂರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನೂ ಕಂಡು, ಇಲ್ಲಿ ನಮಗೂ ಒಂದು ತುಂಡು ನೆಲವಿರಲಿ ಎಂದು ಬಯಸುವುದು ಸಹಜ. ನಮ್ಮ ಸಮಾಜದ ಕುಟುಂಬಗಳಲ್ಲಿಯೂ ಆ ಬಯಕೆ ಉಂಟು.

ಎರಡು ವರ್ಷಗಳ ಹಿಂದೆ ನಾನು ಬಂಧುಗಳೊಬ್ಬರ ಜೊತೆಯಲ್ಲಿ ಆ ತಾಲ್ಲೂಕಿನ ಒಂದು ಗ್ರಾಮಕ್ಕೆ ನಾಲ್ಕು ಎಕರೆ ಖುಷ್ಕಿ ಜಮೀನನ್ನು ನೋಡಲು ಹೋಗಿದ್ದೆನು. ಜಮೀನಿನ ಒಡೆಯರು ವೃದ್ಧ ರೈತರು. ಬದುವಿನ ಮೇಲೆ ನಮ್ಮನ್ನು ನಡೆಸಿಕೊಂಡು ಹೋಗಿ ಎಲ್ಲೆಕಲ್ಲುಗಳನ್ನು ತೋರಿಸಿದರು. ನಾವು ಕೇಳದಿದ್ದರೂ, ಕೊರೆಸಿದ ಎರಡು ಕೊಳವೆಬಾವಿಗಳಲ್ಲಿಯೂ ನೀರು ನಿಂತುಹೋಗಿದೆಯೆಂದೂ, ಸಣ್ಣ ಈರುಳ್ಳಿಯ ಬೆಲೆ ಕುಸಿದು ಸಾಲ ಉಳಿದಿದೆಯೆಂದೂ ತಾವಾಗಿಯೇ ಹೇಳಿದರು. ಹಿಂದಿರುಗುವಾಗ ದಲ್ಲಾಳಿಯು ನಮ್ಮ ಬಂಧುಗಳಿಗೆ, “ಹದಿನೈದು ದಿವಸ ಸುಮ್ಮನಿರಿ ಸ್ವಾಮಿ, ಸಾಲದ ವಾಯಿದೆ ಬಂದರೆ ತಾನಾಗಿಯೇ ಇಳೀತಾರೆ” ಎಂದನು. ಬಂಧುಗಳು ಸುಮ್ಮನಿದ್ದರು. ಅದನ್ನು ಕೇಳಿಯೂ ನಾನು ಸುಮ್ಮನಿದ್ದೆನು. ರೈತರು ಇಳಿದರು; ಕ್ರಯವೂ ಆಯಿತು.

ಆ ವೃದ್ಧರು ತಮ್ಮ ಮಾಲಿನ ದೋಷವನ್ನು ಮುಚ್ಚಿಡದೆ ಸತ್ಯವನ್ನು ಪಾಲಿಸಿದರು. ಸತ್ಯವನ್ನು ಅಣುವ್ರತವೆಂದು ಸ್ವೀಕರಿಸಿದ ಮನೆಯವರಾದ ನಾವು ಅವರ ಸತ್ಯವನ್ನೇ ಬೆಲೆ ಇಳಿಸುವ ಸಾಧನವನ್ನಾಗಿ ಮಾಡಿಕೊಂಡೆವು. ಮುಂದೊಮ್ಮೆ ಈ ವಿಷಯವನ್ನು ಪ್ರಸ್ತಾಪಿಸಿದಾಗ ಬಂಧುಗಳು, “ಕಾನೂನಿನಲ್ಲಿ ತಪ್ಪೇನಿದೆ?” ಎಂದು ಕೇಳಿದರು. ಕಾನೂನಿನಲ್ಲಿ ತಪ್ಪೇನೂ ಇರಲಿಲ್ಲ.

ಇದೇ ಜಿಲ್ಲೆಯ ಮಲೆಯೂರಿನ ಕನಕಗಿರಿಯೊಂದಿಗೆ ಪೂಜ್ಯಪಾದಾಚಾರ್ಯರ ಹೆಸರನ್ನು ನಮ್ಮ ಪರಂಪರೆ ಜೋಡಿಸಿಕೊಂಡು ಬಂದಿದೆ. ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನವೇ ಸರ್ವಾರ್ಥಸಿದ್ಧಿ. ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವು ಒಂದು. ಅದನ್ನು ವಿವರಿಸುವಾಗ ಆಚಾರ್ಯರು, ರಾಜ್ಯವು ಕ್ಷೋಭೆಗೊಳಗಾದಾಗ ಬೆಲೆಬಾಳುವ ವಸ್ತುಗಳು ಅಲ್ಪಮೌಲ್ಯಕ್ಕೆ ದೊರೆಯುವುವೆಂದು ಅವುಗಳನ್ನು ಪಡೆಯಲು ಯತ್ನಿಸುವುದನ್ನು ಅತಿಚಾರವೆಂದು ಎಣಿಸುತ್ತಾರೆ. ಅಂಥವನು ಕನ್ನ ಕೊರೆದಿಲ್ಲ, ಹಣವನ್ನೂ ಕೊಟ್ಟಿದ್ದಾನೆ. ಆದರೂ ಅವನ ನಡೆ ಕಳವಿನ ಅಂಚಿನಲ್ಲಿ ನಿಂತಿದೆ. ಮಳೆ ತಪ್ಪಿ, ಬಾವಿ ಬತ್ತಿ, ಸಾಲದ ವಾಯಿದೆ ಬಾಗಿಲಿಗೆ ಬಂದ ರೈತನ ಮನೆಯೂ ಕ್ಷೋಭೆಗೊಳಗಾದ ಒಂದು ಸಣ್ಣ ರಾಜ್ಯವೇ ಎಂದು ನನ್ನ ಭಾವನೆ. ಆ ದಿನಗಳನ್ನು ಕಾದು ಕುಳಿತು ಕೊಳ್ಳುವುದಕ್ಕೂ ಆಚಾರ್ಯರ ಮಾತು ಅನ್ವಯಿಸುತ್ತದೆ. ಕೃತ, ಕಾರಿತ, ಅನುಮತಗಳೆಂಬ ಮೂರು ಬಗೆಗಳಲ್ಲಿ ನನ್ನ ಪಾಲಿಗೆ ಬಂದುದು ಅನುಮತ. ನನ್ನ ಮೌನವು ಸಮ್ಮತಿಯೇ ಆಗಿತ್ತು.

ಕ್ರಯದ ದಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಇನ್ನೊಂದು ಪ್ರಲೋಭನೆ ಕಾದಿರುತ್ತದೆ. ಕೊಟ್ಟ ಹಣ ಒಂದು, ಪತ್ರದಲ್ಲಿ ಬರೆಸಿದ ಹಣ ಇನ್ನೊಂದು. ಲೋಕದಲ್ಲಿ ಇದು ವಾಡಿಕೆಯೆಂದು ಸಮಾಧಾನ ಹೇಳುವವರುಂಟು. ಸುಳ್ಳು ಪತ್ರವನ್ನು ಬರೆಯುವುದಕ್ಕೆ ಶಾಸ್ತ್ರವು ಕೂಟಲೇಖಕ್ರಿಯೆಯೆಂದು ಹೆಸರಿಟ್ಟು, ಅದನ್ನು ಸತ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ವಾಡಿಕೆಯಾಯಿತೆಂಬ ಕಾರಣಕ್ಕೆ ಆ ಹೆಸರು ಬದಲಾಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು 1978ರ ಕಾಯ್ದೆಯು ನಿರ್ಬಂಧಿಸಿದೆ. ಅಂಥ ಜಮೀನನ್ನು ಮತ್ತೊಬ್ಬರ ಹೆಸರಿನಲ್ಲಿ ಹಿಡಿಯುವ ಉಪಾಯವೂ ಈ ಬಗೆಯದೇ.

ಕಾಡಂಚಿನ ನೆಲಕ್ಕೆ ಬೇರೊಂದು ಕರ್ತವ್ಯ ಅಂಟಿಕೊಂಡಿದೆ. ಬಂಡೀಪುರದ ಸುತ್ತಣ ಗ್ರಾಮಗಳನ್ನು 2012ರಲ್ಲಿ ಪರಿಸರಸೂಕ್ಷ್ಮ ವಲಯವೆಂದು ಘೋಷಿಸಲಾಯಿತು. ಅಲ್ಲಿ ಆನೆ, ಹಂದಿಗಳು ಬೆಳೆಗೆ ಬರುವುದು ನೆಲವನ್ನು ಕೊಳ್ಳುವ ಮೊದಲೇ ತಿಳಿದಿರುವ ಸಂಗತಿ. ತಿಳಿದೂ ಬೇಲಿಯ ತಂತಿಗೆ ಕಂಬದ ವಿದ್ಯುತ್ತನ್ನು ನೇರವಾಗಿ ಹರಿಸಿದರೆ, ಆಗುವ ಕೊಲೆಯನ್ನು ಉದ್ಯೋಗೀ ಹಿಂಸೆಯೆಂದು ತೇಲಿಸಲಾಗದು.

ಎಷ್ಟು ಭೂಮಿ ಸಾಕೆಂಬುದನ್ನು ಪರಿಗ್ರಹಪರಿಮಾಣ ವ್ರತವು ನಮ್ಮ ವಿವೇಕಕ್ಕೆ ಬಿಟ್ಟಿದೆ. ಆದರೆ ಮಿತಿಯನ್ನು ಮೊದಲೇ ನಿಶ್ಚಯಿಸಬೇಕೆಂದು ವಿಧಿಸಿದೆ. ಬಾಹ್ಯ ಪರಿಗ್ರಹಗಳ ಪಟ್ಟಿಯಲ್ಲಿ ಕ್ಷೇತ್ರಕ್ಕೇ ಮೊದಲ ಸ್ಥಾನ. ಒಂದೇ ಹೊಲವೆಂದು ವ್ರತ ತೊಟ್ಟವನು ಪಕ್ಕದ ಹೊಲವನ್ನೂ ಕೊಂಡು, ನಡುವಣ ಬೇಲಿಯನ್ನು ಕಿತ್ತು, ಈಗಲೂ ನನ್ನದು ಒಂದೇ ಹೊಲವೆನ್ನುವ ಜಾಣತನವನ್ನು ವ್ಯಾಖ್ಯಾನಕಾರರು ಹಿಂದೆಯೇ ಗುರುತಿಸಿದ್ದಾರೆ. ಮಡದಿಯ ಹೆಸರಿನಲ್ಲಿ ಎರಡು ಎಕರೆ, ಮಗನ ಹೆಸರಿನಲ್ಲಿ ಎರಡು ಎಕರೆ ಬರೆಸಿ ತನ್ನ ವ್ರತ ಉಳಿಯಿತೆನ್ನುವವನು ಇಂದಿಗೂ ಆ ಬೇಲಿಯನ್ನೇ ಕೀಳುತ್ತಿದ್ದಾನೆ. ಉಮಾಸ್ವಾಮಿಗಳು ಪರಿಗ್ರಹವನ್ನು ಮೂರ್ಛೆಯೆಂದು ಅರ್ಥೈಸಿದರು. ಮೂರ್ಛೆಯು ಪಹಣಿಯಲ್ಲಿರುವ ಹೆಸರನ್ನು ನೋಡಿ ಬರುವುದಿಲ್ಲ.

ಹಾಗಾದರೆ ಶ್ರಾವಕನು ಹೇಗೆ ನಡೆಯಬೇಕು? ಚಾಮರಾಜನಗರದಲ್ಲಿಯೇ ಅದಕ್ಕೊಂದು ಮೇಲ್ಪಂಕ್ತಿ ಇದೆ. ಆ ಊರು ಅರಿಕುಠಾರವೆಂದು ಹೆಸರಾಗಿದ್ದ ಕಾಲದಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ಅಲ್ಲಿ ಬಸದಿಯನ್ನು ಕಟ್ಟಿಸಿದನು. 1117ರ ಶಾಸನವು ಅವನ ಗೆಲವುಗಳ ಜೊತೆಗೆ ಮತ್ತೊಂದು ಸಂಗತಿಯನ್ನು ದಾಖಲಿಸಿದೆ. ಕೆಟ್ಟುಹೋದ ವರ್ತಕನಿಗೂ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೂ, ಅಧಿಕಾರ ಕಳೆದುಕೊಂಡ ಕಿರಾತರ ನಾಯಕನಿಗೂ ಅವನು ಕಳೆದುದನ್ನು ಕೊಟ್ಟು ಸಲಹಿದನಂತೆ. ಬೀಜವಿಲ್ಲದ ಒಕ್ಕಲಿಗನ ಹೊಲವನ್ನು ಅಗ್ಗಕ್ಕೆ ಪಡೆಯುವ ಶಕ್ತಿ ದಂಡನಾಯಕನಿಗೆ ಇರಲಿಲ್ಲವೇ? ಅವನು ಬೀಜವನ್ನು ಕೊಟ್ಟನು.

ಬಸದಿಗಳ ಆಡಳಿತ ಮಂಡಳಿಗಳೂ ಇದನ್ನು ವಿಚಾರಿಸಬೇಕು. ಅನ್ಯಾಯದಿಂದ ಬಂದುದನ್ನು ಸ್ವೀಕರಿಸುವುದು ತದಾಹೃತಾದಾನವೆಂಬ ಅತಿಚಾರ. ದಾನವಾಗಿ ಬರುವ ಜಮೀನಿನ ಪಹಣಿಯನ್ನೂ ಋಣಭಾರ ಪತ್ರವನ್ನೂ ಪರಿಶೀಲಿಸುವಂತೆ, ಅದು ದಾನಿಯ ಕೈಗೆ ಬಂದ ಬಗೆಯನ್ನೂ ಕೇಳುವುದು ಲೇಸು. ಕೊಳ್ಳುವ ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೂ ಸರಳವಾದುದು: ಮಾರುವವನಿಗೆ ಸಾಲವಿಲ್ಲದಿದ್ದರೆ ನಾನು ಎಷ್ಟು ಕೊಡುತ್ತಿದ್ದೆನು? ಆ ಮೊತ್ತವೇ ಧರ್ಮದ ಬೆಲೆ. ಅಂದು ಬದುವಿನ ಮೇಲೆ ನಾನು ಈ ಮಾತನ್ನು ಹೇಳಲಿಲ್ಲ. ಕೊಟ್ಟ ಬೆಲೆಗೂ ಆ ಬೆಲೆಗೂ ಇರುವ ಅಂತರವನ್ನು ಆ ರೈತರಿಗೆ ಮುಟ್ಟಿಸೋಣವೆಂದು ಬಂಧುಗಳಿಗೆ ಈಗ ಕಾಗದ ಬರೆದಿದ್ದೇನೆ. ನನ್ನ ಮೌನದ ಪಾಲನ್ನು ನಾನೂ ಭರಿಸುವೆನೆಂದು ತಿಳಿಸಿದ್ದೇನೆ. ಉತ್ತರವನ್ನು ನಿರೀಕ್ಷಿಸುತ್ತಿದ್ದೇನೆ.